ನರ್ಸಿಂಗ್, ಲ್ಯಾಬ್ ಕೋರ್ಸಿಗೆ ಫೀಸು ಕಟ್ಟೋ ಮುಂಚೆ

ಕಾಲೇಜಿನ ಹೆಸರನ್ನಲ್ಲ, ನಿಮಗೆ ಬೇಕಾದ ಕೋರ್ಸಿನ ಹೆಸರನ್ನು ಹಿಡಿದು ಮಾನ್ಯತೆ ಪಟ್ಟಿ ನೋಡಿ. ಬಿಎಸ್ಸಿ ನರ್ಸಿಂಗ್‌ಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿ, ಜಿಎನ್‌ಎಂಗೆ (ನರ್ಸಿಂಗ್ ಡಿಪ್ಲೊಮಾ) ರಾಜ್ಯ ನರ್ಸಿಂಗ್ ಕೌನ್ಸಿಲ್‌ದು, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಗೆ ಪ್ಯಾರಾಮೆಡಿಕಲ್ ಬೋರ್ಡ್‌ದು. ಮಾನ್ಯತೆ ಸಿಗೋದು ಕೋರ್ಸಿಗೆ, ಕಟ್ಟಡಕ್ಕಲ್ಲ. ಒಂದೇ ಕಾಲೇಜಿನಲ್ಲಿ ಜಿಎನ್‌ಎಂಗೆ ಅನುಮತಿ ಇದ್ದು ಬಿಎಸ್ಸಿಗೆ ಇಲ್ಲದಿರಬಹುದು. ಬ್ರೋಷರ್‌ನಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ 'ಸರ್ಕಾರಿ ಮಾನ್ಯತೆ ಪಡೆದಿದೆ' ಅಂತ ಒಂದೇ ಸಾಲು ಇರುತ್ತೆ, ಯಾವುದಕ್ಕೆ ಅಂತ ಇರಲ್ಲ! ಪಟ್ಟಿಯಲ್ಲಿ ಅನುಮತಿ ಯಾವ ವರ್ಷದ್ದು, ಎಷ್ಟು ಸೀಟಿಗೆ ಅನ್ನೋದನ್ನೂ ನೋಡಿ. ಪಟ್ಟಿ ಎಲ್ಲದಕ್ಕೂ ಆಗಲ್ಲ. ಡೀಮ್ಡ್ ವಿಶ್ವವಿದ್ಯಾಲಯದ (ತಾನೇ ಪದವಿ ಕೊಡೋ ಸಂಸ್ಥೆಯ) ಕಾಲೇಜುಗಳು ರಾಜೀವ್ ಗಾಂಧಿ ಪಟ್ಟಿಯಲ್ಲಿ ಬರಲ್ಲ, ಹಾಗಂತ ಅವು ನಕಲಿ ಅಲ್ಲ. ಹೊಸ ವರ್ಷದ ಪಟ್ಟಿ ತಡವಾಗಿ ಬಂದರೆ ಕಾಲೇಜಿನವರಿಂದ ಈ ವರ್ಷದ ಅನುಮತಿ ಪತ್ರದ ಜೆರಾಕ್ಸ್ ಕೇಳಿ. 'ಬರುತ್ತೆ ಬಿಡಿ' ಅಂದರೆ ದುಡ್ಡು ಜೇಬಲ್ಲೇ ಇರಲಿ. ಪಾಠ ಹೇಗಿದೆ ಅನ್ನೋದಂತೂ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ ಯೂನಿಫಾರಂನಲ್ಲಿ ಬರೋ ವಿದ್ಯಾರ್ಥಿಗಳು ಯಾವ ಕಾಲೇಜಿನವರು ಅಂತ ಬ್ಯಾಡ್ಜ್ ನೋಡಿ, ಊಟದ ಬಿಡುವಿನಲ್ಲಿ ಮಾತಾಡಿಸಿ: 'ವಾರಕ್ಕೆ ಎಷ್ಟು ದಿನ ವಾರ್ಡಿಗೆ ಕಳಿಸ್ತಾರಮ್ಮ?'