ಅಮೆರಿಕಕ್ಕೆ ಬಂದ ಮೈಸೂರು–ಮಂಡ್ಯದ ಹೊಸ ಕುಟುಂಬಗಳಿಗೆ: ನಂಬಿಕಸ್ಥ ಹಲ್ಲಿನ ಕ್ಲಿನಿಕ್ ಆರಿಸುವುದು ಹೇಗೆ?

ನೋವು ಶುರುವಾಗುವ ಮುಂಚೆಯೇ ಕ್ಲಿನಿಕ್ ಹುಡುಕಿಟ್ಟುಕೊಳ್ಳಿ. ಮುಂದಿನದ್ದೇನನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಮೈಸೂರಿನಲ್ಲಿ ನಾವು ಯಾರೂ ಹೀಗೆ ಮಾಡಿದವರಲ್ಲ. ಹಲ್ಲು ನೋವು ಬಂದರೆ ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಮನೆ ಹತ್ತಿರದ ಡಾಕ್ಟರ ಬಳಿ ಹೋಗುತ್ತಿದ್ದೆವು. ಅಪ್ಪನ ಹಲ್ಲು ಕಿತ್ತವರೂ ಅವರೇ, ಅಜ್ಜಿಗೆ ಹಲ್ಲು ಸೆಟ್ ಮಾಡಿಕೊಟ್ಟವರೂ ಅವರೇ. ಎಷ್ಟಾಯಿತು ಅಂತ ಕೊನೆಗೆ ಕೇಳುತ್ತಿದ್ದೆವು. ಮಂಡ್ಯದಲ್ಲೂ ಇದೇ ಕಥೆ. ಅಮೆರಿಕದಲ್ಲಿ ಆ ಪರಿಚಯವನ್ನು ಮೊದಲಿನಿಂದ ಕಟ್ಟಬೇಕು. ಹೊಸ ರೋಗಿಗೆ ಅಪಾಯಿಂಟ್‌ಮೆಂಟ್ ಸಿಗಲು ಎಷ್ಟೋ ಕಡೆ ವಾರಗಟ್ಟಲೆ ಕಾಯಬೇಕು. ನೋವು ತಿನ್ನುತ್ತಾ ಕುರ್ಚಿಯಲ್ಲಿ ಮಲಗಿದವರು ಯಾವ ಪೇಪರ್ ಮುಂದಿಟ್ಟರೂ ಸೈನ್ ಹಾಕುತ್ತಾರೆ. ಬಿಲ್ ಹಿಡಿದುಕೊಂಡು ನಮ್ಮ ಕನ್ನಡ ಕೂಟಕ್ಕೆ ಸಹಾಯ ಕೇಳಲು ಬಂದವರಲ್ಲಿ ಹೆಚ್ಚಿನವರು ಹೀಗೇ ಸೈನ್ ಹಾಕಿದವರು.

ಇನ್ನೂ ಊರಲ್ಲೇ ಇದ್ದೀರಾ?

ವೀಸಾ ಕೈಗೆ ಬಂದ ಕೂಡಲೇ ಮನೆಮಂದಿಯೆಲ್ಲ ಹಲ್ಲು ತೋರಿಸಿಬಿಡಿ. ಹೊರಡುವ ವಾರ ಓಡಬೇಡಿ, ಎರಡು ತಿಂಗಳು ಮುಂಚೆ ಹೋಗಿ. ಗೊತ್ತಿರುವ ಡಾಕ್ಟರ್ ಇದ್ದರೆ ಅವರೇ ಸಾಕು. ಇಲ್ಲದಿದ್ದರೆ ಮೈಸೂರಿನ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿದೆ, 1986ರಿಂದ ನಡೆಯುತ್ತಿದೆ. ವಸಡು, ರೂಟ್ ಕೆನಾಲ್, ಮಕ್ಕಳ ಹಲ್ಲು ಎಲ್ಲ ವಿಭಾಗವೂ ಒಂದೇ ಕಡೆ ಸಿಗುತ್ತದೆ. ಮಂಡ್ಯದವರು ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್ಸಾಗಬಹುದು.

ಹುಳುಕು ತುಂಬಿಸಿ. ತೊಂದರೆ ಕೊಡುವ ವಿಸ್ಡಮ್ ಟೂತ್ ಇದ್ದರೆ ಅಲ್ಲೇ ತೀರ್ಮಾನ ಮಾಡಿ. ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿ ಕ್ಯಾಪ್ ಬಾಕಿ ಇದ್ದರೆ ದಯವಿಟ್ಟು ಹಾಗೇ ವಿಮಾನ ಹತ್ತಬೇಡಿ. ಕ್ಯಾಪ್ ಇಲ್ಲದ ಅಂಥ ಹಲ್ಲು ಚಕ್ಕುಲಿ ಕಡಿದಾಗ ಸೀಳಬಹುದು, ಆಮೇಲೆ ಎಷ್ಟೋ ಸಲ ಕೀಳಿಸುವುದೊಂದೇ ದಾರಿ. ಮಕ್ಕಳಿಗೆ ಹಲ್ಲಿನ ಕ್ಲಿಪ್ ಹಾಕಿಸಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅರ್ಧ ಆದ ಕ್ಲಿಪ್ ಕೆಲಸವನ್ನು ಮುಂದುವರಿಸಲು ಇಲ್ಲಿನ ಡಾಕ್ಟರುಗಳು ಸುಲಭಕ್ಕೆ ಒಪ್ಪುವುದಿಲ್ಲ.

ಎಕ್ಸ್‌ರೇ, ಮಾಡಿದ ಕೆಲಸದ ವಿವರ, ಇಂಪ್ಲಾಂಟ್ ಇದ್ದರೆ ಅದರ ಕಂಪನಿ ಮತ್ತು ಸೈಜ್, ಎಲ್ಲವನ್ನೂ ಬರೆಸಿಕೊಂಡು ಬನ್ನಿ. ಉಪ್ಪಿನಕಾಯಿಗೆ ಸೂಟ್‌ಕೇಸ್‌ನಲ್ಲಿ ಜಾಗ ಇರುತ್ತದೆ, ಒಂದು ಫೈಲಿಗೆ ಇಲ್ಲ ಅಂದರೆ ಹೇಗೆ?

ಇನ್ಶೂರೆನ್ಸ್

ಹಲ್ಲಿನ ಇನ್ಶೂರೆನ್ಸ್ ಬೇರೆ, ಮೈಗೆ ಮಾಡಿಸುವ ಇನ್ಶೂರೆನ್ಸ್ ಬೇರೆ. ಕೆಲಸಕ್ಕೆ ಸೇರಿದಾಗ ಎರಡನ್ನೂ ಬೇರೆ ಬೇರೆಯಾಗಿ ಆರಿಸಬೇಕು. ಆ ಗಡುವು ದಾಟಿದರೆ ಸಾಮಾನ್ಯವಾಗಿ ಮುಂದಿನ ವರ್ಷದ ಸರದಿಯೇ ಗತಿ.

ಹೆಚ್ಚಿನ ಪ್ಲಾನ್‌ಗಳು ಮೂರು ಮೆಟ್ಟಿಲಿನವು. ತಪಾಸಣೆ, ಕ್ಲೀನಿಂಗ್‌ಗೆ ಇನ್ಶೂರೆನ್ಸ್ ಕಂಪನಿ ಕೊಡುವುದು ನೂರಕ್ಕೆ 100. ಫಿಲ್ಲಿಂಗ್‌ನಂಥ ಕೆಲಸಕ್ಕೆ 80. ಕ್ಯಾಪ್, ಬ್ರಿಡ್ಜ್‌ಗೆ 50. ರೂಟ್ ಕೆನಾಲ್ ಕೆಲವು ಪ್ಲಾನ್‌ಗಳಲ್ಲಿ 80ರ ಸಾಲಿನಲ್ಲಿದ್ದರೆ ಕೆಲವದರಲ್ಲಿ 50ರ ಸಾಲಿನಲ್ಲಿರುತ್ತದೆ. ಇದರ ಮೇಲೆ ವರ್ಷಕ್ಕೊಂದು ಮಿತಿ ಇದೆ. ಬಹಳಷ್ಟು ಪ್ಲಾನ್‌ಗಳಲ್ಲಿ ಅದು 1,000ದಿಂದ 2,000 ಡಾಲರ್. ಅದು ಮುಗಿದ ಮೇಲೆ ಪೂರ್ತಿ ನಿಮ್ಮ ಕೈಯಿಂದಲೇ. ಮೈಗೆ ಮಾಡಿಸುವ ಇನ್ಶೂರೆನ್ಸ್‌ನಲ್ಲಿ ನಾವು ಕೊಡುವುದಕ್ಕೆ ಮಿತಿ ಇರುತ್ತದೆ, ಇಲ್ಲಿ ಅವರು ಕೊಡುವುದಕ್ಕೆ ಮಿತಿ. ಹೊಸಬರಿಗೆ ಇದು ಗೊತ್ತಾಗುವುದು ಬಿಲ್ ಬಂದಾಗಲೇ.

ಇನ್ನೆರಡು ವಿಷಯ ನೋಡಿ. ಕೆಲವು ಪ್ಲಾನ್‌ಗಳಲ್ಲಿ ಕ್ಯಾಪ್‌ನಂಥ ದೊಡ್ಡ ಕೆಲಸಕ್ಕೆ 6ರಿಂದ 12 ತಿಂಗಳು ಕಾಯಬೇಕು. ಪ್ಲಾನ್ ಶುರುವಾಗುವ ಮುಂಚೆಯೇ ಇಲ್ಲದಿದ್ದ ಹಲ್ಲಿನ ಜಾಗಕ್ಕೆ ಬ್ರಿಡ್ಜ್ ಅಥವಾ ಇಂಪ್ಲಾಂಟ್ ಹಾಕಿಸಿದರೆ ದುಡ್ಡು ಕೊಡದ ಪ್ಲಾನ್‌ಗಳೂ ಇವೆ. ಊರಲ್ಲಿ ಹಲ್ಲು ಕೀಳಿಸಿಕೊಂಡು ಬಂದವರು ಈ ಸಾಲನ್ನು ಹುಡುಕಿ ಓದಿ.

ಕ್ಲಿನಿಕ್‌ನವರು 'ನಿಮ್ಮ ಇನ್ಶೂರೆನ್ಸ್ ತಗೋತೀವಿ' ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಬಿಲ್ ಕಳಿಸಿಕೊಡುತ್ತೇವೆ ಅಂತ ಮಾತ್ರ ಅದರ ಅರ್ಥ ಇರಬಹುದು. 'ನೀವು ನನ್ನ ಪ್ಲಾನ್‌ನ ನೆಟ್‌ವರ್ಕ್ ಒಳಗೆ ಇದ್ದೀರಾ?' ಅಂತಲೇ ಕೇಳಿ (ನೆಟ್‌ವರ್ಕ್ ಅಂದರೆ ಇನ್ಶೂರೆನ್ಸ್ ಕಂಪನಿಯ ಜೊತೆ ದರದ ಒಪ್ಪಂದ ಮಾಡಿಕೊಂಡ ಕ್ಲಿನಿಕ್‌ಗಳ ಗುಂಪು). ಆಮೇಲೆ ಇನ್ಶೂರೆನ್ಸ್ ಕಂಪನಿಗೂ ಫೋನ್ ಮಾಡಿ ಅದನ್ನೇ ಕೇಳಿ.

ಹುಡುಕುವುದು

ಕೂಟದವರನ್ನು ಕೇಳಿ, ಖಂಡಿತ ಹೇಳುತ್ತಾರೆ. ಆದರೆ 'ಡಾಕ್ಟರ್ ಒಳ್ಳೆಯವರಾ?' ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. 'ಏನಾದರೂ ಬೇಡ ಅಂದಿದ್ದಾರಾ, ಈ ಹಲ್ಲಿಗೆ ಈಗೇನೂ ಮಾಡುವುದು ಬೇಡ, ಕಾದು ನೋಡೋಣ ಅಂದಿದ್ದಾರಾ?' ಅಂತ ಕೇಳಿ. ಹಾಗೆ ಹೇಳಿದ ಡಾಕ್ಟರ ಹೆಸರು ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯ ಡಾಕ್ಟರುಗಳೂ ಇಲ್ಲಿದ್ದಾರೆ. ಊರಲ್ಲಿ ಬಿಡಿಎಸ್ ಮಾಡಿದವರು ಸಾಮಾನ್ಯವಾಗಿ ಇಲ್ಲಿ ಮತ್ತೆ ಎರಡು–ಮೂರು ವರ್ಷ ಓದಿ, ಪರೀಕ್ಷೆ ಕಟ್ಟಿ, ಲೈಸೆನ್ಸ್ ಪಡೆದಿರುತ್ತಾರೆ. ಸಂಸಾರ ಕಟ್ಟಿಕೊಂಡು ಮತ್ತೆ ಕಾಲೇಜಿಗೆ ಹೋಗುವುದು ಸಣ್ಣ ಮಾತಲ್ಲ, ಅವರ ಬಗ್ಗೆ ನಮಗೆ ಹೆಮ್ಮೆ ಇದೆ. ನೋವನ್ನು ಕನ್ನಡದಲ್ಲೇ ಹೇಳಿಕೊಳ್ಳುವ ನೆಮ್ಮದಿಯೂ ದೊಡ್ಡದು. ಆದರೂ ಕನ್ನಡದವರು ಅನ್ನುವ ಒಂದೇ ಕಾರಣಕ್ಕೆ ಪೇಪರ್ ಓದುವುದನ್ನು ಬಿಡಬೇಡಿ. ಒಳ್ಳೆಯ ಡಾಕ್ಟರಿಗೆ ಅದರಿಂದ ಬೇಸರ ಆಗುವುದಿಲ್ಲ.

ಯಾರೇ ಆಗಲಿ, ಆ ರಾಜ್ಯದ ಡೆಂಟಲ್ ಬೋರ್ಡ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಲೈಸೆನ್ಸ್ ನೋಡಿ. ಎಷ್ಟೋ ರಾಜ್ಯಗಳಲ್ಲಿ ಶಿಸ್ತು ಕ್ರಮ ಆಗಿದ್ದರೆ ಅದೂ ಅಲ್ಲೇ ಕಾಣುತ್ತದೆ. ಹೆಸರಿನ ಮುಂದೆ ಡಿಡಿಎಸ್ ಇರಬಹುದು, ಡಿಎಮ್‌ಡಿ ಇರಬಹುದು. ಎರಡೂ ಒಂದೇ ಮಟ್ಟದ ಡಿಗ್ರಿ.

ಫೋನಿನಲ್ಲಿ ಕೇಳಬೇಕಾದ್ದು:
- ಪ್ರತಿ ಸಲ ಅದೇ ಡಾಕ್ಟರ್ ನೋಡುತ್ತಾರಾ?
- ಮೊದಲ ಭೇಟಿಯಲ್ಲಿ ಏನೇನು ಮಾಡುತ್ತೀರಿ, ಎಷ್ಟಾಗುತ್ತದೆ?
- ನೋವು ಬಂದರೆ ಅದೇ ದಿನ ನೋಡುತ್ತೀರಾ? ಶನಿವಾರ?
- ಹಳೆಯ ಎಕ್ಸ್‌ರೇ ಇದೆ, ಅದನ್ನು ನೋಡುತ್ತೀರಾ?

ಡೀಪ್ ಕ್ಲೀನಿಂಗ್

ಡೀಪ್ ಕ್ಲೀನಿಂಗ್ ಅಂದರೆ ವಸಡಿನ ಕೆಳಗೆ, ಹಲ್ಲಿನ ಬೇರಿನ ಮೇಲಿನ ಕೊಳೆಯನ್ನೂ ತೆಗೆಯುವ ಕ್ಲೀನಿಂಗ್. ಈ ಭಾಗ ಉದ್ದ ಇದೆ. ಸಮಾಧಾನವಾಗಿ ಓದಿ, ಏಕೆಂದರೆ ಹೊಸಬರು ಜಾಸ್ತಿ ಕಂಗಾಲಾಗುವುದು ಇಲ್ಲೇ.

ನಾನೂ ನನ್ನ ಹೆಂಡತಿಯೂ ಬಂದ ಹೊಸತರಲ್ಲಿ ಒಂದೇ ದಿನ ಒಂದು ಕ್ಲಿನಿಕ್‌ಗೆ ಹೋದೆವು. ಬರೀ ಕ್ಲೀನಿಂಗ್ ಮಾಡಿಸೋಣ ಅಂತ ಹೋಗಿದ್ದು. ಇಬ್ಬರಿಗೂ ಬಾಯಿಯ ನಾಲ್ಕೂ ಭಾಗಕ್ಕೆ ಡೀಪ್ ಕ್ಲೀನಿಂಗ್ ಬೇಕು, ಅದಾಗದೆ ಸಾಮಾನ್ಯ ಕ್ಲೀನಿಂಗ್ ಮಾಡುವುದಿಲ್ಲ ಅಂದರು. ಜೊತೆಗೆ ಫಿಲ್ಲಿಂಗ್‌ಗಳ ಒಂದು ಉದ್ದ ಪಟ್ಟಿ. ಡಾಕ್ಟರ್ ನಮ್ಮ ಜೊತೆ ಮಾತಾಡಿದ್ದು ಎರಡು ನಿಮಿಷ, ದುಡ್ಡಿನ ಬಗ್ಗೆ ಮಾತಾಡಲು ಬಂದವರು ಕೂತಿದ್ದು ಅರ್ಧ ಗಂಟೆ. ಇವತ್ತೇ ಒಪ್ಪಿಕೊಂಡರೆ ರಿಯಾಯಿತಿ ಅಂದರು. ಸೀರೆ ಅಂಗಡಿಯಲ್ಲೂ ನಾವು ಎರಡು ಕಡೆ ನೋಡಿ ಬರುವ ಜನ. ಯೋಚನೆ ಮಾಡಿ ಹೇಳುತ್ತೇವೆ ಅಂತ ಎದ್ದು ಬಂದೆವು. ಬೇರೆ ಡಾಕ್ಟರ್ ನೋಡಿದಾಗ ಹೆಂಡತಿಗೆ ಸಾಮಾನ್ಯ ಕ್ಲೀನಿಂಗ್ ಸಾಕಾಯಿತು. ನನಗೆ ಬಾಯಿಯ ಒಂದು ಭಾಗಕ್ಕೆ ಮಾತ್ರ ಡೀಪ್ ಕ್ಲೀನಿಂಗ್ ಬೇಕಿತ್ತು, ಮಾಡಿಸಿಕೊಂಡೆ.

ಇದರಿಂದ ಎಲ್ಲ ಡೀಪ್ ಕ್ಲೀನಿಂಗೂ ಮೋಸ ಅಂತ ತಿಳಿಯಬೇಡಿ. ನಮ್ಮಲ್ಲಿ ಬಹಳ ಜನಕ್ಕೆ ನಿಜವಾಗಿಯೂ ಬೇಕಿರುತ್ತದೆ. ಊರಲ್ಲಿ ವರ್ಷಕ್ಕೊಮ್ಮೆಯಾದರೂ ಕ್ಲೀನಿಂಗ್ ಮಾಡಿಸಿದವರು ನಮ್ಮಲ್ಲಿ ಎಷ್ಟು ಜನ? 'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ' ಅಂತ ಮನೆಯಲ್ಲಿ ಹೇಳಿದ್ದನ್ನು ಕೇಳಿ ಬೆಳೆದವರು ನಾವು. ಅದು ತಪ್ಪು. ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ ಹೋದ ಮೇಲೆ ಮೊದಲೇ ಸಡಿಲ ಇದ್ದದ್ದು ಗೊತ್ತಾಗುತ್ತದೆ, ಅಷ್ಟೇ. ಆ ಕೊಳೆ ಉಳಿದರೆ ಒಳಗಿನ ಮೂಳೆ ಕರಗುತ್ತಾ ಹೋಗುತ್ತದೆ.

ಹಾಗಾದರೆ ಬೇಕೋ ಬೇಡವೋ ಹೇಗೆ ಗೊತ್ತಾಗಬೇಕು? ವಸಡು ಮತ್ತು ಹಲ್ಲಿನ ನಡುವೆ ಸಣ್ಣ ಕಡ್ಡಿ ಇಳಿಸಿ ಆಳ ಅಳೆಯುತ್ತಾರೆ. ಒಂದೊಂದು ಹಲ್ಲಿಗೆ ಆರು ಕಡೆ. 'ಎರಡು, ಮೂರು, ಎರಡು' ಅಂತ ಜೋರಾಗಿ ಹೇಳುತ್ತಾ ಬರೆದುಕೊಳ್ಳುತ್ತಾರೆ. 1ರಿಂದ 3 ಮಿಲಿಮೀಟರ್ ಆರೋಗ್ಯದ ಲಕ್ಷಣ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ರಕ್ತ ಬರುತ್ತಾ, ಎಕ್ಸ್‌ರೇಯಲ್ಲಿ ಮೂಳೆ ಇಳಿದದ್ದು ಕಂಡರೆ ಡೀಪ್ ಕ್ಲೀನಿಂಗ್‌ಗೆ ಕಾರಣ ಇದೆ. ಅಳೆಯದೇ, ಎಕ್ಸ್‌ರೇ ತೋರಿಸದೇ ಹೇಳಿದರೆ ಒಪ್ಪಬೇಡಿ. ಅಳತೆಯ ಚಾರ್ಟ್‌ನ ಪ್ರತಿ ಕೇಳಿ ತಗೊಳ್ಳಿ. 'ಯಾವ ಹಲ್ಲು, ಎಷ್ಟು ಆಳ, ಮೂಳೆ ಎಲ್ಲಿ ಇಳಿದಿದೆ, ತೋರಿಸಿ' ಅಂತ ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಡಾಕ್ಟರಿಗೆ ಎದುರು ಮಾತಾಡಬಾರದು ಅಂತ ನಮ್ಮನ್ನು ಬೆಳೆಸಿದ್ದಾರೆ ನಿಜ. ಕೇಳುವುದು ಎದುರು ಮಾತಲ್ಲ.

ಇಲ್ಲಿ ಪ್ರತಿ ಕೆಲಸಕ್ಕೂ ದೇಶಕ್ಕೆಲ್ಲ ಒಂದೇ ಕೋಡ್ ಇದೆ. ಎಸ್ಟಿಮೇಟ್ ಪೇಪರಿನಲ್ಲಿ ಇವನ್ನು ಹುಡುಕಿ:
- ಡಿ1110: ದೊಡ್ಡವರ ಸಾಮಾನ್ಯ ಕ್ಲೀನಿಂಗ್
- ಡಿ4341: ಡೀಪ್ ಕ್ಲೀನಿಂಗ್, ಬಾಯಿಯ ಕಾಲು ಭಾಗಕ್ಕೆ, ನಾಲ್ಕು ಅಥವಾ ಹೆಚ್ಚು ಹಲ್ಲು
- ಡಿ4342: ಅದೇ, ಒಂದರಿಂದ ಮೂರು ಹಲ್ಲು
- ಡಿ2740: ಸೆರಾಮಿಕ್ ಕ್ಯಾಪ್
- ಡಿ3330: ದವಡೆ ಹಲ್ಲಿನ ರೂಟ್ ಕೆನಾಲ್

ಡಿ4341 ನಾಲ್ಕು ಸಲ ಬರೆದಿದ್ದರೆ ಇಡೀ ಬಾಯಿಗೆ ಅಂತ ಅರ್ಥ. ದೊಡ್ಡ ಕೆಲಸ ಯಾವುದೇ ಇರಲಿ, ಶುರು ಮಾಡುವ ಮುಂಚೆ ಇನ್ಶೂರೆನ್ಸ್ ಕಂಪನಿಗೆ ಕೋಡ್ ಸಮೇತ ಕಳಿಸಿ, ಅವರೆಷ್ಟು ಕೊಡುತ್ತಾರೆ, ನಿಮ್ಮ ಪಾಲೆಷ್ಟು ಅಂತ ಬರಹದಲ್ಲಿ ತರಿಸಿಕೊಡಲು ಹೇಳಿ. ನಂಬಿಕಸ್ಥ ಕ್ಲಿನಿಕ್ ಇದನ್ನು ಸಂತೋಷವಾಗಿ ಮಾಡಿಕೊಡುತ್ತದೆ. ಇವತ್ತೇ ತೀರ್ಮಾನ ಆಗಬೇಕು ಅಂತ ಒತ್ತಾಯ ಮಾಡುವ ಕಡೆಯಿಂದ ಎದ್ದು ಬನ್ನಿ.

ಎರಡನೇ ಅಭಿಪ್ರಾಯ ಪಡೆಯಲು ಸಾಮಾನ್ಯವಾಗಿ ಮತ್ತೆ ಎಕ್ಸ್‌ರೇ ತೆಗೆಸಬೇಕಾಗಿಲ್ಲ. ನಿಮ್ಮ ದಾಖಲೆಯ ಪ್ರತಿ ಪಡೆಯುವ ಹಕ್ಕು ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲೇ ಇದೆ. ಸಾಮಾನ್ಯವಾಗಿ ಕೇಳಿದ 30 ದಿನದೊಳಗೆ ಕೊಡಬೇಕು. ಬಿಲ್ ಬಾಕಿ ಇದೆ ಅಂತ ತಡೆಹಿಡಿಯುವ ಹಾಗಿಲ್ಲ. ಪ್ರತಿ ಮಾಡುವ ಖರ್ಚನ್ನು ಮಾತ್ರ ಕೇಳಬಹುದು.

ಕ್ಲಿನಿಕ್‌ನಲ್ಲೇ ಕೊಡಿಸುವ ಆರೋಗ್ಯದ ಕ್ರೆಡಿಟ್ ಕಾರ್ಡ್ ಬಗ್ಗೆ ಹುಷಾರು. 'ಒಂದು ವರ್ಷ ಬಡ್ಡಿ ಇಲ್ಲ' ಅಂತಾರೆ. ಎಷ್ಟೋ ಕಾರ್ಡ್‌ಗಳಲ್ಲಿ ಆ ವರ್ಷದೊಳಗೆ ಪೂರ್ತಿ ತೀರದಿದ್ದರೆ ಮೊದಲ ದಿನದಿಂದ ಲೆಕ್ಕ ಹಾಕಿ ಬಡ್ಡಿ ಸೇರಿಸುತ್ತಾರೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹತ್ತಿರದ ವಿಶ್ವವಿದ್ಯಾಲಯದ ಡೆಂಟಲ್ ಸ್ಕೂಲ್ ನೋಡಿ. ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರೊಫೆಸರ್ ಪ್ರತಿ ಹಂತ ನೋಡುತ್ತಾರೆ. ಸಮಯ ಜಾಸ್ತಿ, ದುಡ್ಡು ಕಡಿಮೆ.

'ದಸರಾಕ್ಕೆ ಊರಿಗೆ ಹೋದಾಗ ಮಾಡಿಸಿದರಾಯಿತು'

ಎಲ್ಲರೂ ಹೇಳುವ ಮಾತು. ಕೆಲವು ಕೆಲಸಕ್ಕೆ ಸರಿ. ಮೈಸೂರಿನಲ್ಲಿ ಖರ್ಚು ಬಹಳ ಕಡಿಮೆ, ಕೈಯೂ ಒಳ್ಳೆಯದು. ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್‌ಗೆ ಮೂರು ವಾರದ ರಜೆ ಸಾಮಾನ್ಯವಾಗಿ ಸಾಕು, ಇಳಿದ ಮೊದಲ ವಾರವೇ ಶುರು ಮಾಡಿದರೆ. ಅರಮನೆ, ನೆಂಟರು, ಮದುವೆ ಎಲ್ಲ ಮುಗಿಸಿ ಕೊನೇ ನಾಲ್ಕು ದಿನ ಡಾಕ್ಟರ ಹತ್ತಿರ ಹೋದರೆ ಅವರು ತಾನೇ ಏನು ಮಾಡಬೇಕು?

ಇಂಪ್ಲಾಂಟ್ ಬೇರೆ ವಿಷಯ. ಮೂಳೆಗೆ ಸ್ಕ್ರೂ ಕೂರಿಸಿದ ಮೇಲೆ ಅದು ಮೂಳೆಯ ಜೊತೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಅಂದರೆ ಎರಡು ರಜೆಯ ಕೆಲಸ. ನಡುವೆ ತೊಂದರೆಯಾದರೆ ಇಲ್ಲಿ ನೋಡುವವರು ಯಾರು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲಿನ ಡಾಕ್ಟರಿಗೂ ಹೇಳಿಯೇ ಹೋಗಿ.

ಮುಖ ಊದಿದ್ದರೆ, ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ ರಜೆಗೆ ಕಾಯುವ ಮಾತೇ ಬೇಡ.

ಡಾಕ್ಟರಿಗೆ ನೀವಾಗಿಯೇ ಹೇಳಬೇಕಾದ್ದು

ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಊಟ ಆದ ಮೇಲೆ ಹಾಕಿಕೊಳ್ಳುವುದು ತಾನೇ ಅಂತ ಹಗುರ ಮಾಡಬೇಡಿ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಇಲ್ಲಿನ ಎಷ್ಟೋ ಡಾಕ್ಟರುಗಳಿಗೆ ಈ ಅಭ್ಯಾಸದ ಪರಿಚಯ ಕಡಿಮೆ. ಬಾಯಿ ಬಿಡಲು ಬಿಗಿಯಾಗುತ್ತಿದೆ, ಖಾರ ತಡೆಯಲಾಗುತ್ತಿಲ್ಲ ಅಂದರೆ ಅದನ್ನೂ ಹೇಳಿ.

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರಲ್ಲಿ ಬೆಳೆದವರ ಹಲ್ಲಿನ ಮೇಲೆ ಕಂದು ಅಥವಾ ಬಿಳಿ ಕಲೆ ಇರಬಹುದು. ಚಿಕ್ಕಂದಿನಿಂದ ಇದೆ ಅಂತ ಹೇಳಿ. ಕಲೆ ಬೇರೆ, ಹುಳುಕು ಬೇರೆ.

ಮಕ್ಕಳು

ಮೊದಲ ಹುಟ್ಟುಹಬ್ಬದೊಳಗೆ ಮೊದಲ ಭೇಟಿ. ಹಾಲು ಹಲ್ಲು ಹೇಗೂ ಬಿದ್ದುಹೋಗುತ್ತೆ ಅನ್ನಬೇಡಿ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.

ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ

- ಬರುವ ಮುಂಚೆ ಊರಲ್ಲೇ ಹಲ್ಲು ತೋರಿಸಿ, ಹಲ್ಲು ಸೆಟ್ ಸರಿಮಾಡಿಸಿ.
- ಪ್ರವಾಸಿಗರ ಇನ್ಶೂರೆನ್ಸ್‌ನಲ್ಲಿ ಹಲ್ಲಿಗೆ ಸಿಗುವುದು ತುಂಬಾ ಕಡಿಮೆ, ಹೆಚ್ಚಾಗಿ ತುರ್ತಿಗೆ ಮಾತ್ರ.
- ಸಕ್ಕರೆ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆಗಳ ಪಟ್ಟಿ ಪರ್ಸ್‌ನಲ್ಲಿರಲಿ.

ತುರ್ತು

- ಆಂಟಿಬಯೋಟಿಕ್ ಇಲ್ಲಿ ಚೀಟಿ ಇಲ್ಲದೆ ಸಿಗುವುದಿಲ್ಲ.
- ಊರಿನ ಡೋಲೋ, ಇಲ್ಲಿನ ಟೈಲೆನಾಲ್ ಎರಡೂ ಒಂದೇ ಔಷಧಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.
- ಮುಖ, ಕುತ್ತಿಗೆ ಊದಿ ನುಂಗಲು, ಉಸಿರಾಡಲು ಕಷ್ಟವಾದರೆ 911ಕ್ಕೆ ಫೋನ್ ಮಾಡಿ. ಬರೀ ಹಲ್ಲು ನೋವಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ, ಬಿಲ್ ಮಾತ್ರ ದೊಡ್ಡದು.
- ಬಿದ್ದು ಹಲ್ಲು ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಅದೇ ಗುಂಡಿಗೆ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಮಕ್ಕಳ ಹಾಲು ಹಲ್ಲಾದರೆ ವಾಪಸ್ ಕೂರಿಸಬೇಡಿ.

ಎಸ್ಟಿಮೇಟ್ ಅರ್ಥವಾಗದಿದ್ದರೆ ಕೂಟದ ತಿಂಗಳ ಸಭೆಗೆ ಪೇಪರ್ ತನ್ನಿ. ಹೆಸರು, ಹುಟ್ಟಿದ ದಿನ, ಇನ್ಶೂರೆನ್ಸ್ ನಂಬರ್ ಮರೆಮಾಡಿ ತನ್ನಿ. ಸೈನ್ ಹಾಕುವ ಮುಂಚೆ ತನ್ನಿ.