ಗೇಮ್ ಆಫ್ ಥ್ರೋನ್ಸ್: ಅಧ್ಯಾಯದ ಪಕ್ಕದಲ್ಲಿ ದೃಶ್ಯ ಇಟ್ಟು ನೋಡುವ ಬಗೆ

ಪುಸ್ತಕ ಮೇಲೋ ಸೀರೀಸ್ ಮೇಲೋ ಎಂಬ ಪ್ರಶ್ನೆ ಇಟ್ಟುಕೊಂಡು ಹೋಲಿಸಲು ಕೂತರೆ ಕೈಗೆ ಏನೂ ಹತ್ತುವುದಿಲ್ಲ. ನಾನು ಕೇಳಿಕೊಳ್ಳುವುದು ಬೇರೆ: ಈ ಘಟನೆ ಪುಸ್ತಕದಲ್ಲಿ ಯಾರ ಕಣ್ಣಿಗೆ ಬೀಳುತ್ತದೆ, ತೆರೆಯ ಮೇಲೆ ಯಾರ ಕಣ್ಣಿಗೆ ಬೀಳುತ್ತದೆ, ಇದರಿಂದ ಯಾರಿಗೆ ಏನು ಗೊತ್ತಾಯಿತು, ಯಾರಿಗೆ ಗೊತ್ತಾಗದೆ ಉಳಿಯಿತು? ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿಗಳನ್ನೂ ಎಚ್‌ಬಿಒ ತೆಗೆದ ‘ಗೇಮ್ ಆಫ್ ಥ್ರೋನ್ಸ್’ ಸೀರೀಸನ್ನೂ ಅಕ್ಕಪಕ್ಕ ಇಡಲು ಇದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಇಲ್ಲ. ಪುಸ್ತಕದ ಒಂದೊಂದು ಅಧ್ಯಾಯವೂ ಒಂದೇ ಪಾತ್ರದ ತಲೆಯೊಳಗೆ ನಡೆಯುತ್ತದೆ. ಕ್ಯಾಮೆರಾಗೆ ಆ ಕಟ್ಟುಪಾಡಿಲ್ಲ. ಬಹುಪಾಲು ಬದಲಾವಣೆಗಳ ಬೇರು ಅಲ್ಲೇ ಇದೆ. (ಎರಡನ್ನೂ ಮುಗಿಸದವರಿಗೆ ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ.)

ಮೊದಲ ಕೆಲಸ ಜೋಡಣೆ. ಪ್ರಕಟವಾದ ಐದು ಪುಸ್ತಕಗಳಲ್ಲಿ ಪೀಠಿಕೆ, ಉಪಸಂಹಾರ ಸೇರಿ 344 ಅಧ್ಯಾಯಗಳಿವೆ: 1996ರ ಮೊದಲನೆಯದರಲ್ಲಿ 73, 1998ರ ಎರಡನೆಯದರಲ್ಲಿ 70, 2000ದ ಮೂರನೆಯದರಲ್ಲಿ 82, 2005ರ ನಾಲ್ಕನೆಯದರಲ್ಲಿ 46, 2011ರ ಐದನೆಯದರಲ್ಲಿ 73. ಸೀರೀಸ್ 2011ರಿಂದ 2019ರವರೆಗೆ ಎಂಟು ಸೀಸನ್, 73 ಎಪಿಸೋಡ್. ಪುಸ್ತಕಕ್ಕೊಂದು ಸೀಸನ್ ಎಂಬ ಲೆಕ್ಕ ನೆಟ್ಟಗೆ ಕೂರುವುದು ಮೊದಲ ಸೀಸನ್‌ಗೆ ಮಾತ್ರ. ಎರಡನೆಯ ಸೀಸನ್ನಿನ ಕೊನೆಗೇ ಸೆರೆಯಾಳು ಜೇಮಿ ಲ್ಯಾನಿಸ್ಟರ್ ಮತ್ತು ಅವನನ್ನು ಕರೆದೊಯ್ಯುವ ಬ್ರಿಯೆನ್ ದಾರಿ ಹಿಡಿದಿರುತ್ತಾರೆ. ಆ ಪಯಣ ಮೂರನೆಯ ಪುಸ್ತಕದ್ದು. ಮೂರನೆಯ ಪುಸ್ತಕ ಮೂರು ಮತ್ತು ನಾಲ್ಕನೆಯ ಸೀಸನ್‌ಗಳಿಗೆ ಹಂಚಿಹೋಗಿದೆ. ಐದನೆಯ ಸೀಸನ್‌ಗೆ ನಾಲ್ಕು, ಐದನೆಯ ಪುಸ್ತಕಗಳೆರಡೂ ಬೇಕು. ಹಾಗಾಗಿ ಪುಸ್ತಕದ ಎದುರು ಸೀಸನ್ ಇಡಬಾರದು, ಅಧ್ಯಾಯದ ಎದುರು ದೃಶ್ಯ ಇಡಬೇಕು.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲಿಗೆ ಒಂದು ಘಟನೆ. ಕಾಲಂಗಳು ಇಷ್ಟು: ಅಧ್ಯಾಯ, ಯಾರ ದೃಷ್ಟಿ, ಆ ಪಾತ್ರಕ್ಕೆ ಅಲ್ಲಿ ಗೊತ್ತಿರುವುದೇನು, ತಪ್ಪಾಗಿ ನಂಬಿರುವುದೇನು, ಆಮೇಲೆ ಎಪಿಸೋಡ್, ದೃಶ್ಯದ ಕ್ರಮಸಂಖ್ಯೆ, ದೃಶ್ಯದಲ್ಲಿ ಯಾರ್ಯಾರಿದ್ದಾರೆ, ಏನು ಬದಲಾಗಿದೆ. ಕೊನೆಯ ಕಾಲಂಗೆ ‘ಬಾಕಿ’ ಎಂದು ಹೆಸರಿಟ್ಟಿದ್ದೇನೆ. ಈ ಬದಲಾವಣೆಯಿಂದ ಮುಂದೆ ಯಾವ ಯಾವ ದೃಶ್ಯ ಬದಲಾಗಲೇಬೇಕು ಎಂಬುದನ್ನು ಅಲ್ಲಿ ಬರೆಯುವುದು. ಮಿಕ್ಕ ಕಾಲಂ ಯಾವುದನ್ನು ಬೇಕಾದರೂ ಬಿಡಿ, ಇದೊಂದನ್ನು ಬಿಡಬೇಡಿ.

ಪುಟಸಂಖ್ಯೆ ಬರೆದುಕೊಂಡು ಪ್ರಯೋಜನವಿಲ್ಲ, ಮುದ್ರಣದಿಂದ ಮುದ್ರಣಕ್ಕೆ ಅದು ಬೇರೆ. ಮೂರನೆಯ ಮತ್ತು ಐದನೆಯ ಪುಸ್ತಕಗಳು ಎರಡೆರಡು ಭಾಗವಾಗಿಯೂ ಮಾರಾಟವಾಗುತ್ತವೆ. ಅಧ್ಯಾಯಗಳಿಗೆ ಸಂಖ್ಯೆಯಿಲ್ಲ, ಪಾತ್ರದ ಹೆಸರಷ್ಟೇ ಇರುತ್ತದೆ. ಆದ್ದರಿಂದ ಎಣಿಸಿ ‘ಕ್ಯಾಟ್ಲಿನ್ 7’, ‘ಟಿರಿಯನ್ 11’ ಎಂದು ಗುರುತು ಹಾಕಿಕೊಳ್ಳಬೇಕು. ನಾಲ್ಕನೆಯ ಪುಸ್ತಕದಿಂದ ಎಣಿಕೆ ದಾರಿ ತಪ್ಪಿಸುತ್ತದೆ. ಸಾನ್ಸಾಳ ಅಧ್ಯಾಯದ ಮೇಲೆ ‘ಅಲೇನ್’ ಎಂದಿರುತ್ತದೆ, ಥಿಯಾನ್‌ನದು ‘ರೀಕ್’ ಆಗುತ್ತದೆ. ಇವನ್ನು ಮೂಲ ಹೆಸರಿನಡಿಗೇ ಸೇರಿಸಿ. ನಿಮಿಷದ ಲೆಕ್ಕವೂ ನಂಬಿಕೆಗೆ ತಕ್ಕದ್ದಲ್ಲ: ಹಿಂದಿನ ಕಥೆ ನೆನಪಿಸುವ ತುಣುಕು ಕೆಲವು ಪ್ರತಿಗಳಲ್ಲಿರುತ್ತದೆ, ಕೆಲವದರಲ್ಲಿರುವುದಿಲ್ಲ, ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿಯಾದರೆ ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುವುದರಿಂದ ಗಂಟೆಯ ಎಪಿಸೋಡ್ ಎರಡು ನಿಮಿಷಕ್ಕೂ ಹೆಚ್ಚು ಕುಗ್ಗುತ್ತದೆ. ದೃಶ್ಯಕ್ಕೆ ಕ್ರಮಸಂಖ್ಯೆ ಕೊಡುವುದೇ ಸರಿ.

ಓದು ಮೊದಲು, ನೋಡುವುದು ಆಮೇಲೆ. ತಿರುಗುಮುರುಗಾದರೆ ನಟರ ಮುಖವೇ ಪುಸ್ತಕದೊಳಗೆ ಬಂದು ಕೂರುತ್ತದೆ. ಪುಸ್ತಕ ಹೇಳುವ ವಯಸ್ಸು, ರೂಪ ಎರಡನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕಥೆ ಶುರುವಾದಾಗ ನೆಡ್ ಸ್ಟಾರ್ಕ್‌ನ ಮನೆಯ ರಾಬ್, ಜಾನ್‌ಗೆ ಹದಿನಾಲ್ಕು, ಸಾನ್ಸಾಗೆ ಹನ್ನೊಂದು, ಆರ್ಯಾಗೆ ಒಂಬತ್ತು, ಬ್ರ್ಯಾನ್‌ಗೆ ಏಳು; ಗಡೀಪಾರಾದ ರಾಜವಂಶದ ಡೆನೇರಿಸ್‌ಗೆ ಹದಿಮೂರು. ಸೀರೀಸ್ ಎಲ್ಲರಿಗೂ ಎರಡು-ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಸೇರಿಸಿತು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹದಿನೈದು-ಹದಿನಾರರ ಹುಡುಗ ರಾಬ್ ಫ್ರೇ ಮನೆತನಕ್ಕೆ ಕೊಟ್ಟ ಮಾತಿಗೆ ತಪ್ಪಿ ಬೇರೆಯವಳನ್ನು ಮದುವೆಯಾಗುವುದು ಬೇರೆ, ಬೆಳೆದ ಗಂಡಸು ಮಾತಿಗೆ ತಪ್ಪುವುದು ಬೇರೆ.

ಆ ಮದುವೆಯ ವಿಷಯಕ್ಕೇ ಬರೋಣ. ರಾಬ್‌ನ ದೃಷ್ಟಿಯಿಂದ ಪುಸ್ತಕದಲ್ಲಿ ಒಂದು ಅಧ್ಯಾಯವೂ ಇಲ್ಲ. ಅವನ ಯುದ್ಧಗಳನ್ನು, ಮದುವೆಯನ್ನು ತಾಯಿ ಕ್ಯಾಟ್ಲಿನ್ ಮೂಲಕ ಕೇಳಿ ತಿಳಿಯುತ್ತೇವೆ. ಅವನು ಜೇನ್ ವೆಸ್ಟರ್ಲಿಂಗ್‌ಳನ್ನು ಕರೆದುಕೊಂಡು ಬಂದು ನಿಂತಾಗಲೇ ನಮಗೂ ಸುದ್ದಿ. ಸೀರೀಸ್‌ಗೆ ಅವನನ್ನು ಹಾಗೆ ಮರೆಯಲ್ಲಿಡಲು ಆಗಲಿಲ್ಲ, ಅದಕ್ಕೆ ವೊಲಾಂಟಿಸ್‌ನ ಟಲೀಸಾ ಹುಟ್ಟಿದಳು. ಪುಸ್ತಕದಲ್ಲಿ ಗಾಯಗೊಂಡ ಹುಡುಗ ಒಂದು ರಾತ್ರಿಯ ನಂತರ ಹುಡುಗಿಯ ಮಾನ ಕಾಪಾಡಲು ಮದುವೆಯಾಗುತ್ತಾನೆ: ತಂದೆಯ ನೀತಿಯೇ ಮಗನ ಕೊರಳಿಗೆ ಉರುಳಾಗುತ್ತದೆ. ಸೀರೀಸ್‌ನಲ್ಲಿ ಅವನು ಪ್ರೀತಿಸಿ ಮದುವೆಯಾಗುತ್ತಾನೆ. ಪರಿಣಾಮ ಒಂದೇ, ಕಾರಣ ಬೇರೆ.

‘ಕ್ಯಾಟ್ಲಿನ್ 7’, ಅಂದರೆ ಫ್ರೇಗಳ ಮನೆಯಲ್ಲಿ ರಾಬ್, ಕ್ಯಾಟ್ಲಿನ್ ಕೊಲೆಯಾಗುವ ‘ಕೆಂಪು ಮದುವೆ’, ಈ ಕೆಲಸ ಕಲಿಯಲು ಅತ್ಯುತ್ತಮ ಅಧ್ಯಾಯ. ಎದುರಿಗೆ ಇಡಬೇಕಾದದ್ದು ಮೂರನೆಯ ಸೀಸನ್ನಿನ ಒಂಬತ್ತನೆಯ ಎಪಿಸೋಡ್. ಪುಸ್ತಕದಲ್ಲಿ ಕ್ಯಾಟ್ಲಿನ್ ಎಡ್ವಿನ್ ಫ್ರೇಯ ತೋಳು ಹಿಡಿಯುತ್ತಾಳೆ, ರೇಷ್ಮೆಯ ಕೆಳಗೆ ಕವಚದ ಕಬ್ಬಿಣದ ಕೊಂಡಿಗಳು ಕೈಗೆ ತಾಗುತ್ತವೆ. ಸೀರೀಸ್‌ನಲ್ಲಿ ಆ ತೋಳು ರಾಬ್‌ನ ಕಡೆಯವನೇ ಆದ ರೂಸ್ ಬೋಲ್ಟನ್‌ನದು. ಅವನೇ ಕಣ್ಣಿನಿಂದ ತೋಳಿನತ್ತ ಸೂಚಿಸುತ್ತಾನೆ, ಅವಳು ಬಟ್ಟೆ ಸರಿಸಿ ಉಕ್ಕಿನ ಕವಚ ನೋಡುತ್ತಾಳೆ. ಸ್ಪರ್ಶ ನೋಟವಾಯಿತು, ಜೊತೆಗೆ ದ್ರೋಹಿಯ ಗುರುತೂ ಅಲ್ಲೇ ಸಿಕ್ಕಿತು. ಪುಸ್ತಕದಲ್ಲಿ ರಾಬ್‌ನನ್ನು ಇರಿಯುವವನ ಹೆಸರನ್ನು ಕ್ಯಾಟ್ಲಿನ್ ಹೇಳುವುದಿಲ್ಲ. ಅವಳಿಗೆ ಕಾಣುವುದು ಕಪ್ಪು ಕವಚ ಮತ್ತು ರಕ್ತದ ಕಲೆಯಾದ ತಿಳಿಗುಲಾಬಿ ಮೇಲಂಗಿ, ಕೇಳಿಸುವುದು ಜೇಮಿ ಲ್ಯಾನಿಸ್ಟರ್‌ನ ಶುಭಾಶಯ. ಗುಲಾಬಿ ಮೇಲಂಗಿ ಯಾರದೆಂದು ಓದುಗ ಹಿಂದಿನ ಅಧ್ಯಾಯಗಳಿಂದ ತಾನೇ ಜೋಡಿಸಿಕೊಳ್ಳಬೇಕು. ತೆರೆಯ ಮೇಲೆ ಮುಖ ಮುಚ್ಚಿಡಲಾಗದು, ಹಾಗಾಗಿ ಬೋಲ್ಟನ್ ನೇರವಾಗಿ ನಿಲ್ಲುತ್ತಾನೆ, ಶುಭಾಶಯವೂ ಇಡೀ ಲ್ಯಾನಿಸ್ಟರ್ ಮನೆತನದ್ದಾಗುತ್ತದೆ. ಟಲೀಸಾ ಅಲ್ಲೇ ಸಾಯುತ್ತಾಳೆ. ಜೇನ್ ಮದುವೆಗೆ ಬಂದಿರಲೇ ಇಲ್ಲ.

ಕೊನೆಯ ಕ್ಷಣ ಮಾತ್ರ ನನ್ನ ದೃಷ್ಟಿಯಲ್ಲಿ ಎರಡೂ ಕಡೆ ಸರಿಸಮ. ಪುಸ್ತಕದಲ್ಲಿ ಕ್ಯಾಟ್ಲಿನ್ ಬುದ್ಧಿ ಕಳೆದುಕೊಂಡು ತನ್ನ ಮುಖವನ್ನೇ ಪರಚಿಕೊಳ್ಳುತ್ತಾಳೆ, ಕತ್ತಿ ಕೊರಳಿಗೆ ಬಂದಾಗ ಗಂಡ ನೆಡ್‌ಗೆ ಇಷ್ಟವಾದ ತನ್ನ ಕೂದಲಿನ ಬಗ್ಗೆ ಯೋಚಿಸುತ್ತಾಳೆ. ಆ ಯೋಚನೆಯನ್ನು ಚಿತ್ರಿಸಲು ದಾರಿಯೇ ಇಲ್ಲ. ಸೀರೀಸ್ ಅದಕ್ಕೆ ಕೈ ಹಾಕದೆ ಮಿಷೆಲ್ ಫೇರ್ಲಿ ಅವರ ಒಂದು ಚೀತ್ಕಾರ, ಆಮೇಲಿನ ಬರಿದಾದ ಮುಖ, ಸಂಗೀತವೇ ಇಲ್ಲದ ಹೆಸರುಪಟ್ಟಿ, ಇಷ್ಟರಿಂದ ಅದೇ ಜಾಗ ತಲುಪಿತು. ಅಂತರಂಗದ ಮಾತಿಗೆ ಪ್ರತಿಯಾಗಿ ಏನಿಟ್ಟರು ಎಂದು ಹುಡುಕುವುದನ್ನು ಈ ದೃಶ್ಯದಿಂದ ಅಭ್ಯಾಸ ಮಾಡಿಕೊಳ್ಳಿ.

ನೆಡ್‌ನ ಶಿರಚ್ಛೇದದಲ್ಲೂ ಇಂಥದೇ ಒಂದು ಪಲ್ಲಟವಿದೆ. ಪುಸ್ತಕದಲ್ಲಿ ಅದು ಆರ್ಯಾಳ ಅಧ್ಯಾಯ. ಬೇಲರ್‌ನ ಪ್ರತಿಮೆಯ ಪೀಠ ಹತ್ತಿದ ಅವಳನ್ನು ಜನರ ಮಧ್ಯೆ, ಉತ್ತರದ ಗೋಡೆ ಕಾಯುವ ದಳದ ಯೊರೆನ್ ತಾನಾಗಿಯೇ ಹಿಡಿದು ಕಣ್ಣು ಮರೆಸುತ್ತಾನೆ. ಸೀರೀಸ್‌ನಲ್ಲಿ ನೆಡ್ ಮಗಳನ್ನು ಕಾಣುತ್ತಾನೆ, ಯೊರೆನ್‌ನ ಪಕ್ಕ ಹಾದುಹೋಗುವಾಗ ‘ಬೇಲರ್’ ಎಂದು ಒಂದೇ ಮಾತು ಹೇಳುತ್ತಾನೆ. ಸಾಯುವ ಮುನ್ನ ತಂದೆ ಮಗಳನ್ನು ಉಳಿಸುತ್ತಾನೆ. ಇದು ಲಾಭ. ಬಾಕಿ ಏನೂ ಉಳಿಯಲಿಲ್ಲ.

ಹೊಸದಾಗಿ ಸೇರಿಸಿದ ದೃಶ್ಯಗಳಿಗೂ ಇದೇ ಪರೀಕ್ಷೆ. ಮೊದಲ ಸೀಸನ್ನಿನ ಐದನೆಯ ಎಪಿಸೋಡ್‌ನಲ್ಲಿ ದೊರೆ ರಾಬರ್ಟ್ ಮತ್ತು ರಾಣಿ ಸರ್ಸಿ ತಮ್ಮ ಸತ್ತ ದಾಂಪತ್ಯದ ಬಗ್ಗೆ ಇಬ್ಬರೇ ಕೂತು ಮಾತಾಡುತ್ತಾರೆ. ಪುಸ್ತಕದಲ್ಲಿ ಇದು ಸಾಧ್ಯವೇ ಇಲ್ಲ: ರಾಬರ್ಟ್‌ಗೆ ಅಧ್ಯಾಯವಿಲ್ಲ, ಸರ್ಸಿಯ ತಲೆಯೊಳಗೆ ನಾವು ಹೋಗುವುದು ನಾಲ್ಕನೆಯ ಪುಸ್ತಕದಲ್ಲಿ. ಹಾರೆನ್‌ಹಾಲ್‌ನಲ್ಲಿ ಆರ್ಯಾ ಪುಸ್ತಕದಲ್ಲಿ ಪಾನಪಾತ್ರೆ ಹಿಡಿಯುವುದು ರೂಸ್ ಬೋಲ್ಟನ್‌ಗೆ, ಸೀರೀಸ್‌ನಲ್ಲಿ ಲ್ಯಾನಿಸ್ಟರ್ ಮನೆತನದ ಯಜಮಾನ ಟೈವಿನ್‌ಗೆ. ಆ ಸಂಭಾಷಣೆಗಳು ಎರಡನೆಯ ಸೀಸನ್ನಿನ ಜೀವ. ಆದರೆ ಇಲ್ಲಿ ಬಾಕಿ ಇದೆ. ಮೂರು ಹೆಸರು ಹೇಳಿದರೆ ಮೂರು ಸಾವು ಎಂದು ಹಂತಕ ಜಾಕೆನ್ ಮಾತು ಕೊಟ್ಟಿರುವಾಗ, ದಿನವೂ ಎದುರಲ್ಲೇ ಕೂರುವ ಟೈವಿನ್‌ನ ಹೆಸರನ್ನು ಆರ್ಯಾ ಯಾಕೆ ಹೇಳಲಿಲ್ಲ? ಪುಸ್ತಕದಲ್ಲಿ ಅವಳಿಗೆ ಅವನು ದೂರದ ದೊಡ್ಡ ಮನುಷ್ಯ, ಸೈನ್ಯ ಹೊರಟ ಮೇಲೆ ಹೊಳೆಯುತ್ತದೆ, ಅದು ಸಹಜ. ಸೀರೀಸ್ ತಡವಾಗಿ ಅದೇ ಉತ್ತರ ಕೊಟ್ಟಿತು, ಅಲ್ಲಿ ಅದು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಬದಲಾವಣೆಯ ಕಾರಣ ಬರೆಯುವಾಗ ಕಥೆಯ ಕಾರಣ, ತಯಾರಿಕೆಯ ಕಾರಣ ಎರಡನ್ನೂ ಬೇರೆಬೇರೆ ಇಡಿ. ಕೈ ಕಳೆದುಕೊಂಡ ಜೇಮಿ ಪುಸ್ತಕದಲ್ಲಿ ಎಡಗೈ ಕತ್ತಿವರಸೆ ಕಲಿಯುವುದು ನಾಲಿಗೆಯಿಲ್ಲದ ಇಲಿನ್ ಪೇನ್ ಜೊತೆ. ಆ ಮೂಗನ ಎದುರು ತನ್ನ ಗುಟ್ಟನ್ನೆಲ್ಲ ಹೇಳಿಕೊಳ್ಳುತ್ತಾನೆ. ಸೀರೀಸ್‌ನಲ್ಲಿ ಕೂಲಿ ಸೈನಿಕ ಬ್ರಾನ್ ಆ ಜಾಗಕ್ಕೆ ಬಂದ, ಪಾಪನಿವೇದನೆ ಹಾಸ್ಯವಾಯಿತು. ಇಲಿನ್ ಪಾತ್ರಧಾರಿ ವಿಲ್ಕೊ ಜಾನ್ಸನ್ ಆಗ ಕಾಯಿಲೆ ಬಿದ್ದಿದ್ದರು. ಇದನ್ನು ತಿಳಿಯದೆ ಬರಹಗಾರರ ಅಭಿರುಚಿಯನ್ನು ದೂರಿದರೆ ಅನ್ಯಾಯ. ಇನ್ನೊಂದು: ಬ್ಲಾಕ್‌ವಾಟರ್ ಯುದ್ಧದಲ್ಲಿ ನದಿಗೆ ಅಡ್ಡ ಎತ್ತುವ ದೈತ್ಯ ಸರಪಳಿ ಜೇಮಿಯ ತಮ್ಮ ಟಿರಿಯನ್‌ನ ಯೋಜನೆಯ ಅರ್ಧ ಭಾಗ, ಪುಸ್ತಕದುದ್ದಕ್ಕೂ ಅದರ ತಯಾರಿ ನಡೆಯುತ್ತದೆ. ಎಪಿಸೋಡ್‌ನಲ್ಲಿ ಸರಪಳಿ ಇಲ್ಲ, ಆ ಎಪಿಸೋಡ್ ಬರೆದವರು ಸ್ವತಃ ಮಾರ್ಟಿನ್. ಬಿಟ್ಟದ್ದೆಲ್ಲ ದ್ರೋಹ ಎನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ನಿಜವಾದ ನಷ್ಟ ಎಲ್ಲಿ? ನನ್ನ ಪಟ್ಟಿಯಲ್ಲಿ ಬಾಕಿ ಕಾಲಂ ಅತ್ಯಂತ ಉದ್ದ ಬೆಳೆದಿರುವುದು ‘ಟಿರಿಯನ್ 11’ರ ಮುಂದೆ, ಮೂರನೆಯ ಪುಸ್ತಕದ ಕೊನೆಯ ಭಾಗದಲ್ಲಿ. ಜೇಮಿ ತಮ್ಮನನ್ನು ಸೆರೆಯಿಂದ ಬಿಡಿಸುತ್ತಾನೆ, ಹೋಗುವಾಗ ಸತ್ಯ ಹೇಳುತ್ತಾನೆ: ಟಿರಿಯನ್ ಹುಡುಗನಾಗಿದ್ದಾಗ ಮದುವೆಯಾದ ಟೈಶಾ ಬೆಲೆವೆಣ್ಣಲ್ಲ, ಅವನನ್ನು ಪ್ರೀತಿಸಿಯೇ ಬಂದವಳು, ಸುಳ್ಳು ತಂದೆ ಹೇಳಿಸಿದ್ದು. ಆ ಒಂದು ಮಾತಿಗೆ ಮೂರು ದಾರಿಗಳು ಕವಲೊಡೆಯುತ್ತವೆ. ಟಿರಿಯನ್ ತಂದೆಯ ಕೋಣೆಗೆ ಹತ್ತುವುದು ಟೈಶಾ ಎಲ್ಲಿ ಎಂದು ಕೇಳಲು. ಅಣ್ಣನನ್ನು ನೋಯಿಸಲೆಂದೇ, ಸರ್ಸಿಯ ಮಗ ಜಾಫ್ರಿಯನ್ನು ಕೊಂದದ್ದು ತಾನೇ ಎಂದು ಸುಳ್ಳಾಡುತ್ತಾನೆ, ಜೇಮಿಯ ಅವಳಿಯೂ ಪ್ರೇಯಸಿಯೂ ಆದ ಸರ್ಸಿ ಯಾರ್ಯಾರ ಜೊತೆ ಮಲಗಿದ್ದಳೆಂದು ಹೇಳುತ್ತಾನೆ. ಆ ವಿಷ ಜೇಮಿಯ ತಲೆಯಲ್ಲಿ ಇಡೀ ನಾಲ್ಕನೆಯ ಪುಸ್ತಕ ಕೆಲಸ ಮಾಡಿ, ಸರ್ಸಿ ಸಹಾಯ ಬೇಡಿ ಬರೆದ ಪತ್ರವನ್ನು ಅವನು ಬೆಂಕಿಗೆ ಹಾಕಿಸುವಲ್ಲಿಗೆ ಮುಟ್ಟುತ್ತದೆ.

ನಾಲ್ಕನೆಯ ಸೀಸನ್ನಿನ ಕೊನೆಯ ಎಪಿಸೋಡ್‌ನಲ್ಲಿ ಅಣ್ಣತಮ್ಮಂದಿರು ತಬ್ಬಿಕೊಂಡು ಬೇರೆಯಾಗುತ್ತಾರೆ, ಟೈಶಾಳ ಮಾತೇ ಬರುವುದಿಲ್ಲ. ಮೊದಲ ಸೀಸನ್ನಿನ ಒಂಬತ್ತನೆಯ ಎಪಿಸೋಡ್‌ನಲ್ಲಿ ಟಿರಿಯನ್ ಅವಳ ಕಥೆಯನ್ನು ಬಾಯಿಬಿಟ್ಟು ಹೇಳಿದ್ದಾನೆ. ಬಿತ್ತಿ, ಕೊಯ್ಯದೆ ಬಿಟ್ಟ ಹಾಗಾಯಿತು. ಬಾಗಿಲು ತೆರೆದಿರುವಾಗ ಅವನು ಓಡದೆ ತಂದೆಯ ಕೋಣೆಗೆ ಯಾಕೆ ಹೋದ ಎಂಬುದಕ್ಕೆ ದೃಶ್ಯದೊಳಗೆ ಗಟ್ಟಿ ಕಾರಣ ಸಿಗುವುದಿಲ್ಲ. ಜೇಮಿಗೆ ಸರ್ಸಿಯಿಂದ ದೂರವಾಗಲು ಕಾರಣವೇ ಹುಟ್ಟಲಿಲ್ಲ, ಐದನೆಯ ಸೀಸನ್‌ನಲ್ಲಿ ಅವಳ ಮಗಳಿಗಾಗಿ ಡಾರ್ನ್‌ಗೆ ಹೋಗುತ್ತಾನೆ, ಪುಸ್ತಕದಲ್ಲಿ ಅದೇ ಹೊತ್ತಿಗೆ ರಿವರ್‌ಲ್ಯಾಂಡ್ಸ್‌ನಲ್ಲಿ ಇರುತ್ತಾನೆ. ಎಂಟನೆಯ ಸೀಸನ್‌ನಲ್ಲಿ ಅವನು ಅವಳ ಬಳಿಗೆ ಮರಳಿದ್ದು ಹಲವರಿಗೆ ದಿಢೀರ್ ಅನಿಸಿತು. ನನಗೆ ಅದರ ಬೇರು ಈ ಬೀಳ್ಕೊಡುಗೆಯಲ್ಲೇ ಕಾಣುತ್ತದೆ.

ನಾಲ್ಕು, ಐದನೆಯ ಪುಸ್ತಕಗಳನ್ನು ಒಂದಾದಮೇಲೊಂದು ಓದಿ ಹೋಲಿಸಲಾಗದು. ಅವು ಕಾಲದಲ್ಲಿ ಅಕ್ಕಪಕ್ಕ ನಡೆಯುತ್ತವೆ, ಪಾತ್ರಗಳನ್ನು ಊರಿನ ಪ್ರಕಾರ ಹಂಚಲಾಗಿದೆ. ಐದನೆಯದರ ಕೊನೆಯ ಭಾಗ ಮಾತ್ರ ನಾಲ್ಕನೆಯದನ್ನು ದಾಟಿ ಮುಂದೆ ಹೋಗುತ್ತದೆ. ಎರಡರ ಅಧ್ಯಾಯಗಳನ್ನೂ ಒಂದೇ ಪಟ್ಟಿಯಲ್ಲಿ ಹೆಣೆದುಕೊಂಡರೆ ಐದನೆಯ ಸೀಸನ್ ಅರ್ಥವಾಗುತ್ತದೆ. ಸ್ಟಾರ್ಕ್ ಮನೆಯಲ್ಲಿ ಬೆಳೆದ ಥಿಯಾನ್‌ನದು ಇಲ್ಲಿ ವಿಶೇಷ. 1998ರ ಪುಸ್ತಕದ ಕೊನೆಗೆ ಕಣ್ಮರೆಯಾದವನು ಓದುಗರಿಗೆ ಮತ್ತೆ ಸಿಕ್ಕಿದ್ದು 2011ರಲ್ಲಿ, ಗುರುತೇ ಸಿಗದ ರೀಕ್ ಆಗಿ. ಚಿತ್ರಹಿಂಸೆಯನ್ನು ಅವನ ನಡುಕದಿಂದ, ಅರ್ಧಕ್ಕೆ ನಿಂತ ನೆನಪುಗಳಿಂದ ಊಹಿಸಿಕೊಳ್ಳಬೇಕು. ಸೀರೀಸ್ ಆ ಹಿಂಸೆಯನ್ನು ಮೂರನೆಯ ಸೀಸನ್‌ನುದ್ದಕ್ಕೂ ಎದುರಿಗೇ ತೋರಿಸಿತು. ನನಗೆ ಪುಸ್ತಕದ ಮೌನವೇ ಹೆಚ್ಚು ಭಯ ಹುಟ್ಟಿಸುತ್ತದೆ. ಹಿಂಸೆ ಕೊಟ್ಟ, ರೂಸ್ ಬೋಲ್ಟನ್‌ನ ಮಗ ರಾಮ್ಸೆಯ ವಧುವಿನ ವಿಷಯವೂ ಅದಕ್ಕೆ ಸೇರಿಕೊಂಡಿದೆ: ಪುಸ್ತಕದಲ್ಲಿ ಅವಳು ಆರ್ಯಾ ಎಂದು ನಂಬಿಸಲ್ಪಟ್ಟ ಜೇನ್ ಪೂಲ್, ಅವಳು ಆರ್ಯಾ ಅಲ್ಲವೆಂಬ ಸತ್ಯ ಥಿಯಾನ್‌ನ ಎದೆಯಲ್ಲಿ ಕುದಿಯುತ್ತದೆ. ಸೀರೀಸ್ ಅಲ್ಲಿ ಸಾನ್ಸಾಳನ್ನು ನಿಲ್ಲಿಸಿದಾಗ ಆ ಗುಟ್ಟೇ ಇಲ್ಲವಾಯಿತು.

ಆರನೆಯ ಸೀಸನ್‌ನಿಂದ ಎದುರಿಗಿಡಲು ಪುಸ್ತಕ ಬಹುಪಾಲು ಇಲ್ಲ, ಅಲ್ಲಿಂದ ನಾನು ಹೊಸ ಸಾಲು ತೆರೆಯುವುದಿಲ್ಲ. ಹಿಂದಿನ ಬಾಕಿಗಳು ಎಲ್ಲಿ ತೀರಿದವು, ಎಲ್ಲಿ ತೀರಲಿಲ್ಲ ಎಂದಷ್ಟೇ ಗುರುತು ಹಾಕುತ್ತೇನೆ. ಶಿರೀನ್‌ಳ ಸಾಲು ಇವೆರಡರ ಗಡಿಯಲ್ಲಿದೆ. ಐದನೆಯ ಸೀಸನ್ನಿನ ಒಂಬತ್ತನೆಯ ಎಪಿಸೋಡ್‌ನಲ್ಲಿ ಸಿಂಹಾಸನಕ್ಕೆ ಹೋರಾಡುವ ಸ್ಟ್ಯಾನಿಸ್ ತನ್ನ ಮಗಳಾದ ಅವಳನ್ನು ಬೆಂಕಿಗೆ ಕೊಡುತ್ತಾನೆ. ಈ ಸಾವಿನ ಸುಳಿವು ಮಾರ್ಟಿನ್ ಅವರಿಂದಲೇ ಬಂದದ್ದೆಂದು ತಯಾರಕರು ಹೇಳಿದ್ದಾರೆ. ಆದರೆ ಐದನೆಯ ಪುಸ್ತಕ ಮುಗಿಯುವಾಗ ಸ್ಟ್ಯಾನಿಸ್‌ನ ಸೈನ್ಯ ವಿಂಟರ್‌ಫೆಲ್ ದಾರಿಯ ಹಿಮದಲ್ಲಿ ಸಿಕ್ಕಿಕೊಂಡಿದೆ, ಶಿರೀನ್ ಮತ್ತು ಬೆಂಕಿಯ ದೇವರ ಪೂಜಾರಿಣಿ ಮೆಲಿಸಾಂಡ್ರೆ ಇಬ್ಬರೂ ಉತ್ತರದ ಗೋಡೆಯ ಬಳಿ ಇದ್ದಾರೆ. ಬೆಂಕಿ ಹಚ್ಚುವವರು ಯಾರು, ಯಾರ ಅಪ್ಪಣೆಯಿಂದ, ತಂದೆಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ಎಲ್ಲವೂ ಬೇರೆಯಾಗಬಹುದು. ಆ ಸಾಲಿನಲ್ಲಿ ಸೀರೀಸ್‌ನ ಭಾಗ ತುಂಬಿದ್ದೇನೆ. ಪುಸ್ತಕದ ಭಾಗವನ್ನು ಸೀರೀಸ್ ನೋಡಿಕೊಂಡು ತುಂಬುವುದಿಲ್ಲ, ಆರನೆಯ ಪುಸ್ತಕ ಬರುವವರೆಗೆ ಅದು ಖಾಲಿ.