ಬಾವಿಯಲ್ಲಿದ್ದ ಬಿಹೋಲ್ಡರ್ ಮತ್ತು ಪರವಾನಗಿ

ದಾಳ ಹಾಕಿ ಕತೆ ಕಟ್ಟುತ್ತಾ ಆಡುವ ಆಟ ಡಂಜನ್ಸ್ ಆಂಡ್ ಡ್ರಾಗನ್ಸ್. ಅದಕ್ಕೆ ನಾನು ಬರೆದ ಮೊದಲ ಸಾಹಸದಲ್ಲಿ, ಅಂದರೆ ಆಡಲು ಬರೆದಿಟ್ಟ ಕತೆಯಲ್ಲಿ, ಪಾಳುಬಾವಿಯೊಳಗೆ ಒಂದು ಬಿಹೋಲ್ಡರ್ (ಆ ಆಟದ ಹಲವು ಕಣ್ಣಿನ ರಾಕ್ಷಸ) ಕೂತಿತ್ತು. ಅದನ್ನು ಬಳಸಲು ಪರವಾನಗಿ ಇಲ್ಲವೆಂದು ಮಾರಾಟಕ್ಕೆ ಇಡುವ ಹಿಂದಿನ ರಾತ್ರಿ ಕಿತ್ತುಹಾಕಿದೆ. ನೀವೂ ಇಂಥದ್ದು ಬರೆದು ಮಾರುವುದಾದರೆ, ಮೊದಲೇ ಎಸ್‌ಆರ್‌ಡಿ 5.1 (ಆಟದ ಕಂಪನಿಯೇ ಬೇರೆಯವರ ಬಳಕೆಗೆ ಬಿಟ್ಟ ನಿಯಮಗಳ ಕಡತ) ತೆರೆದಿಟ್ಟುಕೊಳ್ಳಿ. 2023ರ ಜನವರಿಯಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಅಂದರೆ ಮೂಲ ಯಾರದ್ದೆಂದು ಹೇಳಿ ಯಾರು ಬೇಕಾದರೂ ಬಳಸಬಹುದು. ಅದರಲ್ಲಿರುವ ಗಾಬ್ಲಿನ್‌ನಂಥ ಜೀವಿ, ಫೈರ್‌ಬಾಲ್‌ನಂಥ ಮಂತ್ರ, ದಾಳದ ಲೆಕ್ಕ ಎಲ್ಲ ಬಳಸಿ, ದುಡ್ಡಿಗೂ ಮಾರಿ. ಬಿಹೋಲ್ಡರ್‌ನ ಶಕ್ತಿ-ಸಾಮರ್ಥ್ಯದ ಪಟ್ಟಿ ಅಲ್ಲಿಲ್ಲ. ನಾನು ಅದರ ಜಾಗಕ್ಕೆ ಏಳು ನಾಲಿಗೆಯ ಕಪ್ಪೆ ತಂದೆ. ನಿಜ ಹೇಳಬೇಕಂದ್ರೆ, ಅದೇ ಜಾಸ್ತಿ ಹೆದರಿಸುತ್ತದೆ.

ಮೂಲ ಯಾರದ್ದು ಎಂದು ಹೇಳುವ ಸಾಲುಗಳು ಎಸ್‌ಆರ್‌ಡಿಯಲ್ಲೇ ಇವೆ. ಸುಮ್ನೆ ಅವನ್ನೇ ಹಾಗೇ ನಕಲು ಮಾಡಿ ಹಾಕಿ. ಮುಖಪುಟಕ್ಕೆ ಆಟದ ಲೋಗೊ ಬೇಡ, ‘5ಇ ಕಂಪ್ಯಾಟಿಬಲ್’ (ಆಟದ ಐದನೇ ಆವೃತ್ತಿಗೆ ಹೊಂದುತ್ತದೆ) ಸಾಕು.

ಆಟದ ಕಂಪನಿಯ ಕಲ್ಪಿತ ಲೋಕವಾದ ಫರ್ಗಾಟನ್ ರೆಲ್ಮ್ಸ್‌ನ ಊರುಗಳೇ ಬೇಕಾ? ಹಾಗಾದರೆ ಅದಕ್ಕೆ ಒಪ್ಪಿಗೆಯಿರುವ ಆನ್‌ಲೈನ್ ಅಂಗಡಿ ಡಿಎಮ್ಸ್ ಗಿಲ್ಡ್‌ನಲ್ಲಿ ಮಾರಿ. ನಿಮ್ಮ ಕೈಗೆ ಬರುವುದು ಅರ್ಧ ದುಡ್ಡು, ಅದನ್ನೇ ಬೇರೆ ಕಡೆ ಮಾರುವಂತಿಲ್ಲ.